ಯಾರದೋ ಹೊಲ ದಾಟಿ ಗುಡ್ಡಕ್ಕೆ

ಡಬ್ಲಿನ್‌ನಲ್ಲಿ ಕನ್ನಡದವರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಓದಲು ಸಲೀಸಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಹೆಚ್ಚಿನವರು ಐರ್ಲೆಂಡಿಗೆ ಬಂದ ಮೊದಲ ವರ್ಷವೇ ಮೊಹರ್ ಬಂಡೆಗಳನ್ನು ನೋಡಿರುತ್ತೇವೆ. ಗ್ಲೆಂಡಲಾಕ್‌ಗೆ ಹೋಗಿರುತ್ತೇವೆ. ಊರಿಂದ ನೆಂಟರು ಬಂದರೆ ಮತ್ತೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಚೆಂದದ ಜಾಗಗಳೇ, ಎರಡು ಮಾತಿಲ್ಲ. ಆದರೆ ಇವತ್ತು ನಾನು ಹೇಳಬೇಕೆಂದು ಬಂದಿರುವುದು 276 ಮೀಟರ್ ಎತ್ತರದ ಒಂದು ಗುಡ್ಡದ ಬಗ್ಗೆ. ಹೆಸರು ಸ್ಲೀವ್ ನ ಕಾಲ್ಯಾ. ಅದಿರುವ ಸಾಲನ್ನು ಲಾಕ್‌ಕ್ರೂ ಗುಡ್ಡಗಳು ಅನ್ನುತ್ತಾರೆ. ಮೀತ್ ಕೌಂಟಿಯ ವಾಯವ್ಯ ಮೂಲೆಯಲ್ಲಿ, ಓಲ್ಡ್‌ಕ್ಯಾಸಲ್ ಎಂಬ ಪುಟ್ಟ ಪೇಟೆಯ ಹತ್ತಿರ ಇದೆ. ಇಡೀ ಮೀತ್ ಕೌಂಟಿಗೆ ಅದೇ ಅತಿ ಎತ್ತರದ ಜಾಗ. ಆ ಸೀಮೆ ಎಷ್ಟು ಸಮತಟ್ಟು ಅಂತ ಇದರಲ್ಲೇ ಗೊತ್ತಾಗುತ್ತದೆ.

ಕಾರ್ ನಿಲ್ಲಿಸಿದ ಜಾಗದಿಂದ ತುದಿಗೆ ಇಪ್ಪತ್ತು ನಿಮಿಷ ಸಾಕು. ಇಷ್ಟು ಸಣ್ಣ ಗುಡ್ಡದ ಬಗ್ಗೆ ಮಾತಾಡಲು ಏನಿದೆ ಅಂತ ಅನ್ನಿಸಬಹುದು. ನನಗೆ ಈ ದೇಶ ಸ್ವಲ್ಪವಾದರೂ ಅರ್ಥವಾಗಿದ್ದರೆ ಅದು ಈ ಗುಡ್ಡದಿಂದ. ಇಲ್ಲಿ ಟಿಕೆಟ್ ಕೌಂಟರ್ ಇಲ್ಲ. ವರ್ಷದ ಹೆಚ್ಚಿನ ದಿನ ಕಾವಲಿನವರೂ ಇರುವುದಿಲ್ಲ. ಸುತ್ತಲೂ ಇರುವುದು ರೈತರ ಹುಲ್ಲುಗಾವಲು. ಆ ಜಾಗದಲ್ಲಿ ನಾವು ಹೊರಗಿನವರು ಹೇಗೆ ನಡೆಯುತ್ತೇವೆ ಎಂಬುದರ ಮೇಲೆ ಗುಡ್ಡ ಉಳಿಯುವುದೂ ನಿಂತಿದೆ, ಅದರ ಬಾಗಿಲು ತೆರೆದಿರುವುದೂ ನಿಂತಿದೆ. ನನ್ನ ಮಾತೆಲ್ಲ ಇದರ ಸುತ್ತಲೇ.

ಹೋಗುವುದು ಸುಲಭ. ಡಬ್ಲಿನ್‌ನಿಂದ ಎಂ3 ಹಿಡಿದು ನ್ಯಾವನ್ ದಾಟಿ ಕೆಲ್ಸ್‌ವರೆಗೆ. ಅಲ್ಲಿಂದ ಓಲ್ಡ್‌ಕ್ಯಾಸಲ್ ಕಡೆಗೆ ಒಳದಾರಿ. ಎಲ್ಲ ಸೇರಿ ಒಂದೂವರೆ ಗಂಟೆ ಅಂದುಕೊಳ್ಳಿ. ಕೊನೆಯ ಕೆಲವು ಮೈಲಿ ರಸ್ತೆ ತೀರಾ ಕಿರಿದು. ಎರಡೂ ಬದಿಗೆ ಹಾಥಾರ್ನ್ ಮುಳ್ಳುಗಿಡದ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಬೇಕು. ಹಾದುಹೋಗುವಾಗ ಆ ಡ್ರೈವರ್ ಸ್ಟೀರಿಂಗ್ ಮೇಲಿಂದ ಒಂದೇ ಬೆರಳು ಎತ್ತುತ್ತಾನೆ. ಅದು ಇಲ್ಲಿನ ನಮಸ್ಕಾರ. ನೀವೂ ಬೆರಳು ಎತ್ತಿ.

ಮೇ ತಿಂಗಳಲ್ಲಿ ಹೋದರೆ ಆ ಬೇಲಿಗಳೆಲ್ಲ ಬಿಳಿ ಹೂ ಹೊದ್ದು ನಿಂತಿರುತ್ತವೆ. ಗುಡ್ಡದ ಮೇಲ್ಭಾಗದಲ್ಲಿ ಗೋರ್ಸ್ ಎಂಬ ಮುಳ್ಳುಪೊದೆ ಹಳದಿ ಹೂ ಬಿಟ್ಟಿರುತ್ತದೆ. ಬಿಸಿಲು ಬಿದ್ದರೆ ಅದರಿಂದ ಕೊಬ್ಬರಿಯ ವಾಸನೆ ಬರುತ್ತದೆ. ನಂಬಲು ಕಷ್ಟ, ಆದರೆ ಒಮ್ಮೆ ಮೂಗು ಹತ್ತಿರ ಹಿಡಿದು ನೋಡಿ. ಮುಳ್ಳಿನ ಬಗ್ಗೆ ಹುಷಾರು.

ಹತ್ತುವ ದಾರಿ ಶುರುವಾಗುವುದು ಒಂದು ಗೇಟಿನಿಂದ. ಒಬ್ಬೊಬ್ಬರಾಗಿ ನುಸುಳಿ, ಬಾಗಿಲನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿ ದಾಟುವಂಥ ಗೇಟು. ಮನುಷ್ಯ ದಾಟಬಹುದು, ಕುರಿ ದಾಟಲಾರದು. ಅಲ್ಲೇ ಸ್ವಲ್ಪ ನಿಲ್ಲಿ. ಬೇಲಿಯ ಮುಳ್ಳುತಂತಿಗೆ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿರುತ್ತವೆ. ಕುರಿಗಳ ಬೆನ್ನ ಮೇಲೆ ನೀಲಿ, ಕೆಂಪು, ಹಸಿರು ಬಣ್ಣ ಕಾಣುತ್ತದೆ. ಒಂದು ಬಣ್ಣ ಯಜಮಾನ ಯಾರು ಅಂತ ಗುರುತಿಸಲು ಹಚ್ಚಿದ್ದು. ಅಕ್ಟೋಬರ್, ನವೆಂಬರ್‌ನಲ್ಲಿ ಹೋದರೆ ಕೆಲವು ಕುರಿಗಳ ಹಿಂಭಾಗದಲ್ಲಿ ಬೇರೆ ಬಣ್ಣವೂ ಮೆತ್ತಿಕೊಂಡಿರುತ್ತದೆ. ಅದರ ಕಥೆಯೇ ಬೇರೆ. ಒಬ್ಬ ರೈತರು ಗೇಟಿಗೆ ಒರಗಿ ನಿಂತು ನನಗೆ ಅದನ್ನು ವಿವರಿಸಿದರು.

ಮರಿ ಹಾಕಿಸುವ ಕಾಲಕ್ಕೆ ಟಗರಿನ ಎದೆಗೆ ಬಣ್ಣ ಹಚ್ಚುತ್ತಾರೆ, ಇಲ್ಲವೇ ಪಟ್ಟಿಯಲ್ಲಿ ಬಣ್ಣದ ಗಟ್ಟಿ ಕಟ್ಟುತ್ತಾರೆ. ಅದು ಯಾವ ಕುರಿಯ ಮೇಲೆ ಹತ್ತಿತೋ ಆ ಕುರಿಯ ಹಿಂಬದಿಗೆ ಬಣ್ಣ ಅಂಟುತ್ತದೆ. ಕುರಿಗೆ ಬೆದೆ ಬರುವುದು ಸುಮಾರು ಹದಿನೇಳು ದಿನಕ್ಕೊಮ್ಮೆ. ಹಾಗಾಗಿ ಅಷ್ಟು ದಿನ ಕಳೆದ ಮೇಲೆ ಟಗರಿನ ಬಣ್ಣ ಬದಲಾಯಿಸುತ್ತಾರೆ. ಮೊದಲ ಬಣ್ಣದ ಮೇಲೆ ಎರಡನೆಯದೂ ಬಿದ್ದಿದ್ದರೆ ಆ ಕುರಿ ಮೊದಲ ಸಲ ಗಬ್ಬ ನಿಲ್ಲಲಿಲ್ಲ ಅಂತ ಅರ್ಥ. ಬಣ್ಣ ನೋಡಿ ಯಾವ ಕುರಿ ಯಾವ ವಾರ ಈಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಗಬ್ಬದ ಅವಧಿ ಹತ್ತಿರ ಹತ್ತಿರ ಐದು ತಿಂಗಳು. ಅಕ್ಟೋಬರ್‌ನಲ್ಲಿ ಕಟ್ಟಿದ್ದು ಮಾರ್ಚ್‌ನಲ್ಲಿ ಈಯುತ್ತದೆ. ನಾವು ದಾಟಿಕೊಂಡು ಹೋಗುವ ಹೊಲದಲ್ಲಿ ಒಬ್ಬರ ಇಡೀ ವರ್ಷದ ಲೆಕ್ಕ ಮೇಯುತ್ತಿರುತ್ತದೆ. ನಮಗೆ ಅದು ಫೋಟೋದಲ್ಲಿ ಚೆಂದ ಕಾಣುವ ಬಿಳಿ ಚುಕ್ಕೆ ಅಷ್ಟೇ.

ದಾರಿ ಮೊದಲು ತುಸು ಕಡಿದು. ಒಂದಷ್ಟು ಮೆಟ್ಟಿಲು, ಆಮೇಲೆ ಹುಲ್ಲು. ಮಳೆ ಬಂದಿದ್ದರೆ ಜಾರುತ್ತದೆ. ಅರ್ಧ ಹತ್ತಿದ ಮೇಲೆ ಗಾಳಿ ಶುರು. ಕೆಳಗೆ ಬಿಸಿಲಿದ್ದರೂ ಮೇಲೆ ಜಾಕೆಟ್ ಬೇಕೇ ಬೇಕು. ಬೆವರಿ ಹತ್ತಿ, ತುದಿಯಲ್ಲಿ ಗಾಳಿಗೆ ನಡುಗುವುದು ಇಲ್ಲಿ ದಿನನಿತ್ಯದ ಮಾತು.

ತುದಿಗೆ ಬಂದರೆ ಎದುರಿಗೆ ದೊಡ್ಡ ಕಲ್ಲುರಾಶಿ. ಅಡ್ಡಳತೆ ಸುಮಾರು 35 ಮೀಟರ್. ಇದಕ್ಕೆ ಕೇರ್ನ್ ಟಿ ಅಂತ ಹೆಸರು. ಇದು 5000 ವರ್ಷಕ್ಕೂ ಹಳೆಯ ಸಮಾಧಿ. ಈಜಿಪ್ಟಿನ ಗೀಜಾ ಪಿರಮಿಡ್‌ಗಳಿಗಿಂತ ಮೊದಲಿನದು. ಪೂರ್ವಕ್ಕೆ ಬಾಗಿಲು. ಒಳಗೆ ಬಗ್ಗಿ ಹೋಗಬೇಕಾದ ಒಂದು ಓಣಿ, ಅದರ ಕೊನೆಗೆ ಶಿಲುಬೆಯಾಕಾರದ ಕೋಣೆ. ಮೂರು ಕಡೆ ಸಣ್ಣ ಗೂಡುಗಳು. ಸುಟ್ಟ ಮೂಳೆಗಳನ್ನು ತಂದು ಇಡುತ್ತಿದ್ದದ್ದು ಇಂಥ ಗೂಡುಗಳಲ್ಲೇ. ಕಲ್ಲುಗಳ ಮೇಲೆ ಕೆತ್ತನೆ. ವೃತ್ತಗಳು, ಅಂಕುಡೊಂಕು ಗೆರೆಗಳು, ಬಟ್ಟಲಿನಂಥ ಗುಳಿಗಳು, ಕಿರಣ ಬಿಟ್ಟ ಸೂರ್ಯನ ಹಾಗೆ ಕಾಣುವ ಚಕ್ರಗಳು. ಲೋಹ ಇನ್ನೂ ಗೊತ್ತಿಲ್ಲದ ಕಾಲ ಅದು. ಕಲ್ಲಿನ ಮೊನೆಯಿಂದ ಕಲ್ಲನ್ನು ಕುಕ್ಕಿ ಕುಕ್ಕಿ ಬಿಡಿಸಿದ್ದು.

ಇದನ್ನು ಕಟ್ಟಿದವರು ರೈತರು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಐರ್ಲೆಂಡಿನಲ್ಲಿ ಮೊದಲು ಕಾಡುಕುರಿ ಇರಲಿಲ್ಲ. ಸುಮಾರು 6000 ವರ್ಷಗಳ ಹಿಂದೆ ಬೇಸಾಯ ಗೊತ್ತಿದ್ದ ಜನ ದೋಣಿಯಲ್ಲಿ ಬಂದರು. ಬರುವಾಗ ಗೋಧಿ, ದನ, ಕುರಿ ತಂದರು. ಅವರ ಮುಂದಿನ ತಲೆಮಾರುಗಳು ಕಾಡು ಕಡಿದು, ಹೊಲ ಮಾಡಿ, ಸತ್ತವರಿಗೆ ಗುಡ್ಡದ ನೆತ್ತಿಯಲ್ಲಿ ಮನೆ ಕಟ್ಟಿದವು. ಹಾಗಾಗಿ ಇಲ್ಲಿ ಕುರಿಗಳು ಸ್ಮಾರಕಕ್ಕೆ ಅಡ್ಡ ಬಂದ ಪ್ರಾಣಿಗಳಲ್ಲ. ಸ್ಮಾರಕ ಬರುವ ಮೊದಲೇ ಅವು ಇಲ್ಲಿ ಬಂದಿದ್ದವು.

ಊರಿನವರ ಕಥೆ ಬೇರೆ ಇದೆ. ಒಬ್ಬಳು ದೈತ್ಯ ಮುದುಕಿ, ಕಾಲ್ಯಾಖ್ ಅಂತ. ಅವಳು ಮಡಿಲು ತುಂಬ ಕಲ್ಲು ತುಂಬಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹಾರಿದಳು. ಹಾರುವಾಗ ಒಂದೊಂದು ಕಡೆ ಕಲ್ಲು ಉದುರಿತು. ಎಲ್ಲ ಗುಡ್ಡಗಳನ್ನೂ ಹಾರಿದ್ದರೆ ಅವಳಿಗೆ ಇಡೀ ಸೀಮೆಯ ಒಡೆತನ ಸಿಗುತ್ತಿತ್ತು. ಕೊನೆಯ ಹಾರಿಕೆಯಲ್ಲಿ ಬಿದ್ದು ಸತ್ತಳು. ಕೇರ್ನ್ ಟಿಯ ಉತ್ತರದ ಬದಿಗೆ ಹತ್ತು ಅಡಿ ಅಗಲದ ಒಂದು ಬಂಡೆ ಇದೆ. ಮಧ್ಯೆ ತಗ್ಗಾಗಿ, ಎರಡೂ ಬದಿ ಎದ್ದು, ಥೇಟ್ ಆಸನ. ಅದು ಮುದುಕಿಯ ಕುರ್ಚಿ. ಕುಳಿತು ಏನಾದರೂ ಬೇಡಿಕೊಂಡರೆ ನಡೆಯುತ್ತದೆ ಅನ್ನುತ್ತಾರೆ. ಈಗ ಕುಳಿತುಕೊಳ್ಳದಿರುವುದೇ ವಾಸಿ. ಅದರ ಮೇಲೂ ಹಳೆಯ ಕೆತ್ತನೆಗಳಿವೆ. ಬೂಟು, ಜಿಪ್ಪು, ಚೀಲ ಉಜ್ಜಿ ಉಜ್ಜಿ ಅವು ಸವೆಯುತ್ತವೆ. ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಆ ಗೆರೆಗಳು ಸರಿಯಾಗಿ ಕಾಣುತ್ತವೆ. ನಡುಮಧ್ಯಾಹ್ನ ಹೋದರೆ ಬರೀ ಬೂದುಬಣ್ಣದ ಬಂಡೆ, ಮೇಲೆ ಹಳದಿ ಕಲ್ಲುಹೂವು.

ಕೇರ್ನ್ ಟಿ ಅಂದೆ. ಟಿ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1863ರಲ್ಲಿ ಯೂಜೀನ್ ಕಾನ್ವೆಲ್ ಎಂಬ ಶಾಲಾ ಇನ್‌ಸ್ಪೆಕ್ಟರ್ ಹೆಂಡತಿಯ ಜೊತೆ ಈ ಗುಡ್ಡಕ್ಕೆ ಬಂದರು. ಕಲ್ಲುರಾಶಿಗಳನ್ನು ನೋಡಿ ಇದು ಸಾಮಾನ್ಯ ಜಾಗವಲ್ಲ ಅಂತ ಅವರಿಗೆ ಹೊಳೆಯಿತು. ಮುಂದಿನ ವರ್ಷಗಳಲ್ಲಿ ಒಂದೊಂದನ್ನೂ ನಕ್ಷೆಗೆ ಹಾಕಿ, ಅಗೆಸಿ, ಎ ಬಿ ಸಿ ಅಂತ ಅಕ್ಷರ ಕೊಟ್ಟರು. ಮೂರು ಗುಡ್ಡಗಳ ಮೇಲೆ ಸೇರಿ ಸುಮಾರು ಮೂವತ್ತು ಸಮಾಧಿಗಳು. ಇವತ್ತಿಗೂ ಅವಕ್ಕೆ ಅದೇ ಹೆಸರು. ಕಾನ್ವೆಲ್ ಇದನ್ನು ಪುರಾಣದ ಒಬ್ಬ ರಾಜನ ಸಮಾಧಿ ಅಂತ ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ಆದರೆ ಅವರು ಮಾಡಿಟ್ಟ ಪಟ್ಟಿ ನಿಂತಿತು. ಶಾಲೆ ತಪಾಸಣೆ ಮಾಡುವ ಕೆಲಸದ ನಡುವೆ ಒಬ್ಬ ಮನುಷ್ಯ ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

ಕೇರ್ನ್ ಟಿಯ ದೊಡ್ಡ ಸಂಗತಿ ಅವರಿಗೂ ತಿಳಿದಿರಲಿಲ್ಲ. ಅದು ಗೊತ್ತಾಗಿದ್ದು 1980ರಲ್ಲಿ. ಮಾರ್ಟಿನ್ ಬ್ರೆನನ್, ಜ್ಯಾಕ್ ರಾಬರ್ಟ್ಸ್ ಎಂಬ ಇಬ್ಬರು ಮಾರ್ಚ್ ತಿಂಗಳಲ್ಲಿ, ಹಗಲು ರಾತ್ರಿ ಸಮನಾಗುವ ಹೊತ್ತಿಗೆ ಬಂದು ಸೂರ್ಯೋದಯಕ್ಕೆ ಕಾದರು. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವ ದಿನಗಳವು. ಬೆಳಕು ಓಣಿಯೊಳಗೆ ನುಗ್ಗಿ, ಹಿಂಬದಿಯ ಗೂಡಿನ ಕಲ್ಲಿಗೆ ಬಡಿಯಿತು. ಸೂರ್ಯ ಏರುತ್ತಾ ದಕ್ಷಿಣಕ್ಕೆ ಸರಿದಂತೆ, ಒಳಗೆ ಆ ಬೆಳಕಿನ ಚೌಕ ಎಡದಿಂದ ಬಲಕ್ಕೆ ಸರಿಯುತ್ತದೆ, ಜೊತೆಗೆ ಕೆಳಗೂ ಇಳಿಯುತ್ತದೆ. ಹಾಗೆ ಓರೆಯಾಗಿ ಸಾಗುವ ದಾರಿಯಲ್ಲೇ ಕಿರಣದ ಚಕ್ರಗಳ ಕೆತ್ತನೆ ಇದೆ. ಮುಕ್ಕಾಲು ಗಂಟೆ ಹೊತ್ತು ಬೆಳಕು ಆ ಚಕ್ರಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗುತ್ತದೆ.

ಇದೇ ಮೀತ್ ಕೌಂಟಿಯಲ್ಲಿರುವ ಇನ್ನೊಂದು ಹಳೆಯ ಸಮಾಧಿ ನ್ಯೂಗ್ರೇಂಜ್‌ನ ಬಗ್ಗೆ ನಿಮಗೆಲ್ಲ ಗೊತ್ತು. ಅಲ್ಲಿ ಡಿಸೆಂಬರ್‌ನ ಸೂರ್ಯ ಬರುತ್ತಾನೆ. ಆ ಬೆಳಗ್ಗೆ ಒಳಗೆ ನಿಲ್ಲಲು ಲಾಟರಿ. ಉಳಿದ ದಿನ ಟಿಕೆಟ್, ಬಸ್, ಗೈಡ್. 1993ರಿಂದ ಅದು ವಿಶ್ವ ಪರಂಪರೆಯ ತಾಣ. ಅಷ್ಟು ಜನ ಬರುವ ಜಾಗಕ್ಕೆ ಅಷ್ಟು ವ್ಯವಸ್ಥೆ ಬೇಕು, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಲಾಕ್‌ಕ್ರೂನಲ್ಲಿ ನೀವೇ ಹತ್ತಿ, ನೀವೇ ಸುತ್ತಿ, ಕೇರ್ನ್ ಟಿಯ ಅಕ್ಕಪಕ್ಕದ ಸಣ್ಣ ಸಮಾಧಿಗಳಲ್ಲಿ ಒಂದರ ಪಕ್ಕ ಮಂಡಿಯೂರಿ ಕೂರಬಹುದು. ಅವಕ್ಕೆ ಮಾಡು ಹೋಗಿದೆ, ಒಳಗಿನ ಕಲ್ಲುಗಳು ಬಯಲಿಗೆ ಬಿದ್ದಿವೆ. ಕೆಲವದರಲ್ಲಿ ಕೆತ್ತನೆ ನಿಮ್ಮ ಮೂಗಿನ ಮುಂದೆಯೇ ಇರುತ್ತದೆ. ತಡೆಯುವವರಿಲ್ಲ. ಇದೇ ಇಲ್ಲಿನ ಸುಖ, ಇದೇ ಇಲ್ಲಿನ ಭಯ.

ಒಂದು ಕಾಲದಲ್ಲಿ ಕೇರ್ನ್ ಟಿಯ ಬೀಗದ ಕೀಲಿಯನ್ನೇ ಕೊಡುತ್ತಿದ್ದರು. ಕೆಳಗೆ ಲಾಕ್‌ಕ್ರೂ ಗಾರ್ಡನ್ಸ್‌ನ ಕಾಫಿ ಅಂಗಡಿಗೆ ಹೋಗಿ, ಠೇವಣಿ ಇಟ್ಟು, ಕೀಲಿ ತೆಗೆದುಕೊಂಡು, ನೀವೇ ಹತ್ತಿ, ನೀವೇ ಬಾಗಿಲು ತೆಗೆದು ಒಳಗೆ ಹೋಗಿ, ಮತ್ತೆ ಬೀಗ ಹಾಕಿ ಕೀಲಿ ತಂದುಕೊಡುವುದು. 5000 ವರ್ಷದ ಸಮಾಧಿಯ ಕೀಲಿ ಒಬ್ಬ ಅಪರಿಚಿತರ ಕೈಯಲ್ಲಿ! ನನಗೆ ಇದನ್ನು ನೆನೆದಾಗಲೆಲ್ಲ ಹೃದಯ ತುಂಬಿ ಬರುತ್ತದೆ. ಕೆಲವು ವರ್ಷಗಳಿಂದ ಸಂರಕ್ಷಣೆಯ ಕಾರಣಕ್ಕೆ ಒಳಗೆ ಬಿಡುತ್ತಿಲ್ಲ. ಗೇಟಿನ ಸರಳುಗಳ ಸಂದಿಯಿಂದ ಇಣುಕಬೇಕು. ಹೋಗುವ ಮುಂಚೆ ಒಪಿಡಬ್ಲ್ಯೂ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಅದು ಇಲ್ಲಿನ ಸರ್ಕಾರಿ ಸ್ಮಾರಕಗಳ ಉಸ್ತುವಾರಿ ಇಲಾಖೆ. ಬೇಸಿಗೆಯಲ್ಲಿ ಅವರ ಗೈಡ್‌ಗಳು ಮೇಲೆ ಇರುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಕೇಳಿದ್ದಕ್ಕೆಲ್ಲ ಪ್ರೀತಿಯಿಂದ ಉತ್ತರ ಹೇಳುತ್ತಾರೆ.

ಈಗ ತುದಿಯಲ್ಲಿ ನಿಂತು ಸುತ್ತ ನೋಡೋಣ. ಮಳೆ ತೊಳೆದುಹೋದ ದಿನವಾದರೆ ದೂರದ ಬೆಟ್ಟಗಳೆಲ್ಲ ಕಾಣುತ್ತವೆ. ವಾಯವ್ಯಕ್ಕೆ ಕುಲ್ಕಾ, ಈಶಾನ್ಯಕ್ಕೆ ಮೋರ್ನ್ ಬೆಟ್ಟಗಳು, ಆಗ್ನೇಯದಲ್ಲಿ ವಿಕ್ಲೋ. ಹತ್ತಿರದಲ್ಲಿ ಶೀಲಿನ್ ಮತ್ತು ರಾಮರ್ ಸರೋವರಗಳು. ಮಿಕ್ಕದ್ದೆಲ್ಲ ಹಸಿರು ಚೌಕಗಳು, ಚೌಕಗಳ ನಡುವೆ ಬೇಲಿ. ನಾನು ಬಹಳ ಸಲ ನಿಂತು ನೋಡುವುದು ಆ ಬೇಲಿಗಳನ್ನೇ. ಈ ದೇಶದ ಕಥೆ ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಈ ಗುಡ್ಡದ ಕೆಳಗೆ 1625ರಲ್ಲಿ ಆಲಿವರ್ ಪ್ಲಂಕೆಟ್ ಹುಟ್ಟಿದರು. ದೊಡ್ಡ ಮನೆತನ, ಕ್ಯಾಥೊಲಿಕ್ಕರು, ಲಾಕ್‌ಕ್ರೂ ಜಮೀನು ಅವರದ್ದು. ಮುಂದೆ ಅವರು ಆರ್ಮಾದ ಆರ್ಚ್‌ಬಿಷಪ್ ಆದರು. ಸುಳ್ಳು ಆರೋಪ ಹೊರಿಸಿ 1681ರಲ್ಲಿ ಲಂಡನ್ನಿನಲ್ಲಿ ಅವರನ್ನು ಕೊಂದರು. 1975ರಲ್ಲಿ ಸಂತ ಪದವಿ ಸಿಕ್ಕಿತು. ಅವರ ತಲೆ ಇವತ್ತಿಗೂ ಡ್ರೊಹೆಡಾದ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ, ನೋಡಿದವರು ಇರಬಹುದು ನಿಮ್ಮಲ್ಲಿ. ಅವರು ಬದುಕಿದ್ದಾಗಲೇ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್ 1649ರಲ್ಲಿ ದಂಡೆತ್ತಿ ಬಂದಿದ್ದ. ಯುದ್ಧ ಮುಗಿದ ಮೇಲೆ ಕ್ಯಾಥೊಲಿಕ್ ಜಮೀನುದಾರರ ಭೂಮಿ ಕಿತ್ತು ಬೇರೆಯವರಿಗೆ ಹಂಚಿದರು. ಲಾಕ್‌ಕ್ರೂ ಪ್ಲಂಕೆಟ್ಟರ ಕೈತಪ್ಪಿ ನೇಪರ್ ಮನೆತನಕ್ಕೆ ಹೋಯಿತು. ಕಾನ್ವೆಲ್ 1860ರ ದಶಕದಲ್ಲಿ ಅಗೆದದ್ದು ಆಗಿನ ನೇಪರ್ ಜಮೀನುದಾರರ ಒಪ್ಪಿಗೆ ಪಡೆದು, ಅವರೇ ಕೊಟ್ಟ ಆಳುಗಳನ್ನು ಹಾಕಿಕೊಂಡು.

ಆ ಕಾಲದಲ್ಲಿ ಉಳುವವರು, ಕುರಿ ಕಾಯುವವರು ಹೆಚ್ಚಿನಂಶ ಗೇಣಿದಾರರು. ಗೇಣಿ ಅಂದರೇನು ಅಂತ ನಮ್ಮ ಕರಾವಳಿ, ಮಲೆನಾಡಿನ ಮನೆಗಳಿಂದ ಬಂದವರಿಗೆ ನಾನು ಹೇಳಬೇಕಿಲ್ಲ. ಕಟ್ಟದಿದ್ದರೆ ಒಕ್ಕಲೆಬ್ಬಿಸುವುದು. ಹಸಿವಿನ ವರ್ಷಗಳಲ್ಲೂ ಬಿಡಲಿಲ್ಲ. 1879ರಿಂದ ರೈತರು ಒಟ್ಟಾಗಿ ಎದ್ದರು. ಅದನ್ನು ಇಲ್ಲಿ ಭೂಮಿ ಸಮರ ಅನ್ನುತ್ತಾರೆ. ಒಂದರ ಹಿಂದೆ ಒಂದು ಕಾನೂನು ಬಂತು. 1903ರ ವಿಂಡಮ್ ಕಾಯ್ದೆ ಅದರಲ್ಲಿ ದೊಡ್ಡದು. ಸರ್ಕಾರ ಸಾಲ ಕೊಟ್ಟು, ಗೇಣಿದಾರರೇ ಜಮೀನು ಕೊಳ್ಳುವ ಹಾಗೆ ಮಾಡಿತು. ಕಂತು ಮಾತ್ರ ತಲೆಮಾರುಗಟ್ಟಲೆ ಕಟ್ಟಬೇಕಾಯಿತು.

ಹೀಗೆ ಸಿಕ್ಕ ಭೂಮಿ ಅದು. ಅಜ್ಜನಿಗೋ ಮುತ್ತಜ್ಜನಿಗೋ ಮೊದಲ ಸಲ ತನ್ನದು ಅಂತ ಆದ ಭೂಮಿ. ಈಗ ಆ ಹೊಲದಲ್ಲಿ ಬಣ್ಣದ ಜಾಕೆಟ್ ಹಾಕಿದ ಒಬ್ಬರು ನಡೆದು ಬಂದು, ನಿಸರ್ಗ ಎಲ್ಲರದ್ದು, ನನಗೂ ಹಕ್ಕಿದೆ ಅಂದರೆ ಆ ಮನೆಯವರಿಗೆ ಹೇಗಾಗಬೇಡ? ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಬಹುತೇಕ ಎಲ್ಲ ಕಡೆ ನಡೆಯುವ ಹಕ್ಕು ಕೊಟ್ಟಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲೂ ಗುಡ್ಡ ಬಯಲುಗಳಿಗೆ 2000ದ ಕಾನೂನಿದೆ. ಐರ್ಲೆಂಡಿನಲ್ಲಿ ಅಂಥ ಹಕ್ಕಿಲ್ಲ. ಖಾಸಗಿ ಜಮೀನಿನ ಮೇಲೆ ನಡೆಯುವುದು ಮಾಲೀಕರ ಒಪ್ಪಿಗೆಯ ಮೇಲೆ. ಗುರುತು ಹಾಕಿದ ನಡಿಗೆಯ ದಾರಿಗಳಲ್ಲೂ ಬಹಳಷ್ಟು ಇಂಥ ಒಪ್ಪಿಗೆಯಿಂದ ಆದವು. 1995ರಲ್ಲಿ ಒಂದು ಕಾನೂನು ಬಂದು, ಸುತ್ತಾಡಲು ಬಂದವರು ಬಿದ್ದು ಪೆಟ್ಟು ಮಾಡಿಕೊಂಡರೆ ರೈತನ ಮೇಲೆ ಬೀಳುವ ಹೊಣೆಯನ್ನು ಕಡಿಮೆ ಮಾಡಿತು. 2008ರಿಂದ ಕೆಲವು ದಾರಿಗಳನ್ನು ಸರಿಯಾಗಿ ಇಟ್ಟುಕೊಳ್ಳುವ ರೈತರಿಗೆ ಸರ್ಕಾರ ಹಣವನ್ನೂ ಕೊಡುತ್ತಿದೆ.

ನಡೆಯುವ ಹವ್ಯಾಸದ ಕೆಲವು ಗೆಳೆಯರು ಸ್ಕಾಟ್ಲೆಂಡಿನ ಕಾನೂನು ಇಲ್ಲಿಗೂ ಬರಲಿ ಅನ್ನುತ್ತಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಈ ರೈತರ ಕಡೆಗೇ ವಾಲುತ್ತದೆ. ಕೇಳಿ ಹೋಗುವುದರಲ್ಲಿ ನನಗೇನೂ ಕಡಿಮೆಯಾಗಿಲ್ಲ. ಕೇಳಲು ನಿಂತಾಗಲೇ ಅಲ್ವಾ ಕುರಿಯ ಬಣ್ಣದ ಲೆಕ್ಕ ಗೊತ್ತಾಗಿದ್ದು?

ಎದುರಿಗೆ ಪಶ್ಚಿಮದಲ್ಲಿ ಕಾಣುವ ಇನ್ನೊಂದು ಗುಡ್ಡ ಕಾರ್ನ್‌ಬೇನ್ ವೆಸ್ಟ್. ನಾವು ನಿಂತಿರುವ ಸ್ಲೀವ್ ನ ಕಾಲ್ಯಾಗೆ ಕಾರ್ನ್‌ಬೇನ್ ಈಸ್ಟ್ ಅಂತಲೂ ಹೆಸರಿದೆ. ಪಶ್ಚಿಮದ ಆ ಗುಡ್ಡ ಖಾಸಗಿ ಜಮೀನು. ಅಲ್ಲೂ ದೊಡ್ಡ ಸಮಾಧಿಗಳಿವೆ. ಕೇರ್ನ್ ಎಲ್ ಒಳಗೆ ಬೆಳ್ಳನೆಯ ಒಂದು ಕಂಬಗಲ್ಲು ಒಂಟಿಯಾಗಿ ನಿಂತಿದೆ. ಕೇರ್ನ್ ಎಚ್‌ನಲ್ಲಿ ಕಾನ್ವೆಲ್‌ಗೆ ಸಾವಿರಾರು ಮೂಳೆಯ ಚೂರುಗಳು ಸಿಕ್ಕವು. ತೆಳ್ಳಗೆ ಉಜ್ಜಿ ನುಣುಪು ಮಾಡಿದ ಚೂರುಗಳು. ಕೆಲವದರ ಮೇಲೆ ಕೈವಾರದಿಂದ ಎಳೆದ ಸೊಗಸಾದ ವೃತ್ತಗಳು, ಒಂದರ ಮೇಲೆ ಜಿಂಕೆ. ಅವು ಸಮಾಧಿ ಕಟ್ಟಿದವರ ಕೆಲಸವಲ್ಲ. ಸುಮಾರು ಮೂರು ಸಾವಿರ ವರ್ಷ ಕಳೆದ ಮೇಲೆ, ಕಬ್ಬಿಣದ ಕಾಲದಲ್ಲಿ, ಯಾರೋ ಕುಶಲಿಗರು ಮಾಡಿಟ್ಟದ್ದು. ಹಳೆಯ ಸಮಾಧಿಯನ್ನೇ ಯಾಕೆ ಆರಿಸಿಕೊಂಡರೋ. ಕುಶಲಿಗರು ವಿನ್ಯಾಸ ಕಲಿಯುತ್ತಿದ್ದ ಚೂರುಗಳಿರಬಹುದು ಅಂತ ಕೆಲವರ ಊಹೆ. ನನಗೆ ಅದು ಇಷ್ಟವಾದ ಊಹೆ.

ಅಲ್ಲಿಗೆ ಹೋಗಬೇಕು ಅನ್ನಿಸುತ್ತದೆ, ನನಗೆ ಗೊತ್ತು. ನಕ್ಷೆಯಲ್ಲಿ ಕಾಣುತ್ತದೆ, ಕಣ್ಣೆದುರಿಗೇ ಇದೆ, ನಡುವೆ ಒಂದೆರಡು ಬೇಲಿ ಅಷ್ಟೇ. ಆದರೆ ಒಪ್ಪಿಗೆ ಇಲ್ಲದೆ ಹೋಗಬೇಡಿ. ಮೂರನೆಯ ಗುಡ್ಡ ಪ್ಯಾಟ್ರಿಕ್‌ಸ್ಟೌನ್. ಅಲ್ಲಿನ ಸಮಾಧಿಗಳು ಬಹುತೇಕ ಹಾಳಾಗಿಹೋಗಿವೆ. ಕಲ್ಲು ಕಿತ್ತು ಒಯ್ದುಬಿಟ್ಟಿದ್ದಾರೆ. ಮುದುಕಿ ಬಿದ್ದು ಸತ್ತದ್ದು ಆ ಗುಡ್ಡದಲ್ಲೇ ಅಂತೆ.

ಇನ್ನು ನಡೆಯುವ ರೀತಿ. ಗೇಟಿನ ವಿಷಯ ಮೊದಲು, ಯಾಕೆಂದರೆ ನಮಗೆ ಗೊತ್ತಿಲ್ಲದೆ ಎಡವಟ್ಟಾಗುವುದು ಅಲ್ಲೇ. ಮುಚ್ಚಿದ್ದ ಗೇಟನ್ನು ಮುಚ್ಚಬೇಕು, ಇದು ಎಲ್ಲರಿಗೂ ಗೊತ್ತು. ತೆರೆದಿಟ್ಟ ಗೇಟನ್ನು ತೆರೆದೇ ಬಿಡಬೇಕು, ಇದು ಗೊತ್ತಿರುವುದಿಲ್ಲ. ಪಾಪ, ಮರೆತಿರಬೇಕು ಅಂತ ಮುಚ್ಚಿ ಉಪಕಾರ ಮಾಡಲು ಹೋಗುತ್ತೇವೆ. ಆ ಕಡೆ ಇರುವ ನೀರಿನ ತೊಟ್ಟಿಗೆ ಕುರಿಗಳು ಹೋಗಿ ಬರಲಿ ಅಂತ ಅವರೇ ತೆರೆದಿಟ್ಟಿರುತ್ತಾರೆ. ಗೇಟು ಹೇಗಿತ್ತೋ ಹಾಗೆ. ಬೀಗ ಹಾಕಿದ ಗೇಟನ್ನು ಹತ್ತಿಯೇ ದಾಟಬೇಕಾದ ಜಾಗದಲ್ಲಿ ತಿರುಗಣೆ ಇರುವ ಬದಿಯಲ್ಲಿ ಹತ್ತಿ. ಅಗುಳಿಯ ಬದಿಯಲ್ಲಿ ಹತ್ತಿದರೆ ಭಾರಕ್ಕೆ ಗೇಟು ಜೋಲುತ್ತದೆ. ಆಮೇಲೆ ಅದು ನೆಲಕ್ಕೆ ಉಜ್ಜುತ್ತದೆ, ದಿನಾ ತೆಗೆಯುವವರಿಗೆ ಕಷ್ಟ.

ನಾಯಿಯನ್ನು ಇಂಥ ಕಡೆ ಮನೆಯಲ್ಲೇ ಬಿಟ್ಟು ಬನ್ನಿ. ನಮ್ಮ ನಾಯಿ ಯಾರಿಗೂ ಕಚ್ಚುವುದಿಲ್ಲ ಅಂತ ಎಲ್ಲರೂ ಹೇಳುತ್ತೇವೆ. ಕಚ್ಚಬೇಕಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ತುಂಬಿದ ಗಬ್ಬದ ಕುರಿಯನ್ನು ನಾಯಿ ಆಟಕ್ಕೆ ಅಟ್ಟಿಸಿಕೊಂಡು ಹೋದರೂ ಸಾಕು, ಹೆದರಿಕೆಗೇ ಮರಿ ಕಳೆದುಕೊಳ್ಳಬಹುದು. ಕುರಿಗಳನ್ನು ಅಟ್ಟುವ ನಾಯಿಗೆ ರೈತ ಗುಂಡು ಹಾರಿಸಿದರೆ, ಕೆಲವು ಷರತ್ತುಗಳೊಂದಿಗೆ, 1986ರ ಕಾನೂನು ಅವನ ಪರ ಇದೆ. ಹಾಗೆ ಮಾಡಲು ಯಾರಿಗೂ ಇಷ್ಟವಿರುವುದಿಲ್ಲ. ಆ ಗಳಿಗೆ ಬಾರದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕಲ್ಲಿನ ಮೇಲೆ ಹತ್ತಬೇಡಿ. ರಾಶಿಯ ಮೇಲೆ ಹತ್ತಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಕಾಲಿಟ್ಟಲ್ಲೆಲ್ಲ ಕಲ್ಲು ಸರಿಯುತ್ತದೆ, ಕೆಳಗೆ ಟೊಳ್ಳು ಕೋಣೆ ಇದೆ. ಕೆತ್ತನೆ ಕಾಣಲಿ ಅಂತ ಸೀಮೆಸುಣ್ಣ ಹಚ್ಚಬೇಡಿ, ನೀರು ಸುರಿಯಬೇಡಿ, ಕೈಯಿಂದ ಸವರಬೇಡಿ. ಫೋನಿನ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಗೆರೆಗಳು ಎದ್ದು ಬರುತ್ತವೆ. ಮಕ್ಕಳಿಗೆ ಈ ಕೆಲಸ ಕೊಡಿ. ನೋಡಿ ಅವರ ಖುಷಿಯನ್ನು.

ಇಷ್ಟು ಹೇಳಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಮಾರ್ಚ್‌ನಲ್ಲಿ ಸೂರ್ಯೋದಯಕ್ಕೆ ಹೋದರೆ ಏನು ಸಿಗುತ್ತದೆ, ಒಳಗೆ ಬಿಡದಿದ್ದರೆ ಹೋಗಿ ಪ್ರಯೋಜನವೇನು ಅಂತ ಒಬ್ಬರು ಕೇಳಿದರು. ಮಾರ್ಚ್ 20ರ ಆಸುಪಾಸು ಬೆಳಗ್ಗೆ ಆರೂವರೆ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಸೆಪ್ಟೆಂಬರ್‌ನಲ್ಲಿ ಏಳು ಕಾಲಿನ ಸುಮಾರಿಗೆ. ಕತ್ತಲಲ್ಲೇ ಹತ್ತಬೇಕು, ಟಾರ್ಚ್ ಬೇಕು. ಮೋಡವಿದ್ದರೆ ಏನೂ ಕಾಣುವುದಿಲ್ಲ, ಮೋಡ ಇರುವ ಸಂಭವವೇ ಜಾಸ್ತಿ. ಆದರೂ ಆ ದಿನಗಳಲ್ಲಿ ಜನ ಸೇರುತ್ತಾರೆ. ಸುತ್ತಲಿನ ಊರಿನವರು, ದೂರದಿಂದ ಬಂದವರು, ಫ್ಲಾಸ್ಕಿನಲ್ಲಿ ಟೀ ತಂದವರು. ಸೂರ್ಯ ಬಂದ ದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಬೆಳಕು ಯಾವ ನೇರದಲ್ಲಿ ಒಳಗೆ ಹೋಗುತ್ತದೆ ಅಂತ ಹೊರಗಿನಿಂದಲೇ ತಿಳಿಯುತ್ತದೆ. ನಿಮಗೆ ಜನ ಬೇಡ, ಸುಮ್ನೆ ಗುಡ್ಡ ಬೇಕು ಅಂದರೆ ಆ ವಾರ ಬಿಟ್ಟು ಬೇರೆ ದಿನ ಹೋಗಿ.

ಅಷ್ಟು ಸಣ್ಣ ಗುಡ್ಡದಲ್ಲಿ ದಾರಿ ತಪ್ಪುವ ಭಯವಿದೆಯೇ ಅಂತ ಇನ್ನೊಬ್ಬರು. ಗುರುತಿನ ದಾರಿಯಲ್ಲಿದ್ದರೆ ಇಲ್ಲ. ಆದರೆ ಮಂಜು ಇಳಿದರೆ ಇಪ್ಪತ್ತು ಅಡಿ ದೂರದ ಬೇಲಿಯೂ ಕಾಣುವುದಿಲ್ಲ. ಹಾಗಾದಾಗ ಅಡ್ಡದಾರಿ ಹಿಡಿಯದೆ ಬಂದ ದಾರಿಯಲ್ಲೇ ಇಳಿಯಿರಿ. ಏನಾದರೂ ಆದರೆ 112 ಅಥವಾ 999.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ ಒಬ್ಬರು ತಾಯಿಯ ಪಕ್ಕದಲ್ಲೇ ಕುಳಿತು ಕೇಳಿದರು. ಖಂಡಿತ. ಒಣಗಿದ ದಿನ ಆರಿಸಿಕೊಳ್ಳಿ. ಕೈಯಲ್ಲಿ ಕೋಲಿರಲಿ, ಚಪ್ಪಲಿ ಬೇಡ, ಅಡಿ ಒರಟಾದ ಶೂ ಇರಲಿ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಕಷ್ಟ, ನಿಧಾನವಾಗಿ ಇಳಿಸಿ. ಹತ್ತಲಾಗದಿದ್ದರೆ ಕೆಳಗೆ ಗಾರ್ಡನ್ಸ್‌ನಲ್ಲಿ ಹಳೆಯ ಮರಗಳಿವೆ, ಪ್ಲಂಕೆಟ್ ಮನೆತನದ ಹಳೆಯ ಚರ್ಚಿನ ಗೋಡೆಗಳಿವೆ. ಅವರು ಅಲ್ಲಿ ಕುಳಿತಿರಲಿ, ನೀವು ಹೋಗಿಬನ್ನಿ.

ಕಾರಿನ ಬಗ್ಗೆ ಕೊನೆಯ ಪ್ರಶ್ನೆ. ಕಾರ್ ನಿಲ್ಲಿಸುವ ಜಾಗ ಸಣ್ಣದು, ಭಾನುವಾರ ಬೇಗ ತುಂಬುತ್ತದೆ. ತುಂಬಿದ್ದರೆ ರಸ್ತೆ ಬದಿಯ ಹೊಲದ ಗೇಟಿನ ಮುಂದೆ ಜಾಗ ಖಾಲಿ ಕಾಣುತ್ತದೆ. ಅಲ್ಲಿ ನಿಲ್ಲಿಸಬೇಡಿ. ಟ್ರ್ಯಾಕ್ಟರ್ ಆ ಗೇಟಿಗೆ ಯಾವ ಹೊತ್ತಿಗೂ ಬರಬಹುದು, ಮರಿ ಹಾಕುವ ತಿಂಗಳುಗಳಲ್ಲಂತೂ ರಾತ್ರಿಯೂ ಬರುತ್ತದೆ. ಓಲ್ಡ್‌ಕ್ಯಾಸಲ್‌ಗೆ ಹೋಗಿ, ಏನಾದರೂ ತಿಂದು, ಒಂದು ಗಂಟೆ ಬಿಟ್ಟು ವಾಪಸ್ ಬನ್ನಿ. ಅಷ್ಟೊತ್ತಿಗೆ ಜಾಗ ಸಿಗುತ್ತದೆ.